ಸಿಂಗರಾಯನ ಕೆರೆಯ ಕಟ್ಟೆ

ಸಿಂಗರಾಯನ ಕೆರೆಯ ಪಡುವಣ ದಡದಲ್ಲಿ, ನೀರಿನೊಳಕ್ಕೆ ಚಾಚಿಕೊಂಡಂತೆ ಒಂದು ಕಲ್ಲಿನ ಕಟ್ಟೆ ಇದೆ. ಕಲ್ಲು ಕಂಬ ನೆಟ್ಟು ಮೇಲೆ ಚಪ್ಪಡಿ ಹಾಸಿದ್ದಾರೆ, ಅಷ್ಟೇ. ನೋಡಿದವರು ನಿಂತು ನೋಡುವಂಥದ್ದೇನೂ ಅಲ್ಲ. ಅದನ್ನು ಹಾಕಿಸಿದವನು ಮುನಿತಾಯಮ್ಮನ ಮಾವ ಹನುಮಯ್ಯ. ಆಗ ಕೆರೆಯ ಸುತ್ತ ರಾಗಿ ಹೊಲಗಳಿದ್ದವು. ಶ್ರೀಗಂಧದ ಕಾವಲಿನ ಕಡೆಯಿಂದ ಎತ್ತಿನ ಗಾಡಿಯಲ್ಲಿ ಚಪ್ಪಡಿ ತಂದು, ನಾಲ್ಕು ಜನ ನೆಂಟರನ್ನು ಕರೆದು, ಬೇಸಿಗೆಯಲ್ಲಿ ನೀರು ಇಳಿದಾಗ ನಿಲ್ಲಿಸಿದ್ದ. ಇದಕ್ಕೆ ಯಾರನ್ನಾದರೂ ಕೇಳಬೇಕು ಎಂದು ಅವನಿಗೆ ಹೊಳೆದಿರಲಿಕ್ಕಿಲ್ಲ. ಕೇಳಿದ್ದರೂ ಹೇಳುವವರು ಯಾರೂ ಇರಲಿಲ್ಲ.

ಮುನಿತಾಯಮ್ಮ ತಾವರೆಕೆರೆ ಕಡೆಯ ಹೆಣ್ಣು. ಮದುವೆಯಾಗಿ ಬಂದ ವಾರದಲ್ಲೇ ಅವಳನ್ನು ಆ ಕಟ್ಟೆಯ ಮೇಲೆ ಈಳಿಗೆಮಣೆಯ ಮುಂದೆ ಕೂರಿಸಿದರು. ಗಂಡ ಉಗ್ರಪ್ಪ ತೆಪ್ಪದಲ್ಲಿ ಹೋಗಿ ಬಲೆ ಎತ್ತಿಕೊಂಡು ಬರುತ್ತಿದ್ದ. ಬುಟ್ಟಿ ಕಟ್ಟೆಗೆ ಬಿದ್ದ ಕೂಡಲೇ ಅವಳು ಕಾಟ್ಲಾ, ರೋಹು, ಜಿಲೇಬಿ ಎಂದು ಬೇರೆ ಮಾಡಿ, ಕೇಳಿದವರಿಗೆ ಉಜ್ಜಿ ಕತ್ತರಿಸಿ ಕೊಡುತ್ತಿದ್ದಳು. ಅವಳು ಹೆಚ್ಚು ಮಾತಿನವಳಲ್ಲ. ನಗುವುದು ಕಡಿಮೆ, ಅಳುವುದು ಇನ್ನೂ ಕಡಿಮೆ. ಮಗಳು ಮಾಲಾಳನ್ನು ಕೆಂಗೇರಿಗೆ ಮದುವೆ ಮಾಡಿ ಕಳಿಸಿದ ದಿನವೂ ಛತ್ರದ ಪಾತ್ರೆಗಳನ್ನು ಎಣಿಸಿ ವಾಪಸು ಕೊಟ್ಟೇ ಮನೆಗೆ ಬಂದಿದ್ದಳು. ಅವಳ ಎದೆ ಕಲ್ಲು ಎಂದು ನಾದಿನಿಯರು ಆಡಿಕೊಂಡರು. ಇರಬಹುದು ಎಂದು ಅವಳಿಗೂ ಅನ್ನಿಸಿತು.

ಹೊಲಗಳು ಹೋದವು, ಸೈಟುಗಳು ಬಂದವು. ನಾಗರಬಾವಿಯಿಂದ ಇತ್ತ ಕಡೆಗೆ ಒಂದರ ಪಕ್ಕ ಒಂದು ಲೇಔಟು ಎದ್ದಿತು. ಕೆರೆಗೆ ಮೋರಿ ನೀರು ಸೇರಿತು, ಆಮೇಲೆ ನಿಲ್ಲಿಸಿದರು, ಮತ್ತೆ ಸೇರಿತು. ಮೀನು ಹಿಡಿಯುವ ಗುತ್ತಿಗೆ ಮಾತ್ರ ಉಗ್ರಪ್ಪನ ಹೆಸರಿನಲ್ಲೇ ನಡೆದುಕೊಂಡು ಬಂತು. ಕೆರೆಯಂಚಿನಲ್ಲಿ ತೊಡೆ ಮುಳುಗುವಷ್ಟು ಕೆಸರು. ಅಲ್ಲಿ ತೆಪ್ಪ ನಿಲ್ಲುವುದಿಲ್ಲ, ಕಾಲಿಟ್ಟರೆ ಕಾಲು ಮೇಲೆ ಬರುವುದಿಲ್ಲ. ಉಗ್ರಪ್ಪನಿಗೆ ಈಗ ಬಲಮಂಡಿ ಮಡಚುವುದಿಲ್ಲ. ತೆಪ್ಪವನ್ನು ಕಟ್ಟೆಗೆ ಒತ್ತಿ, ಚಪ್ಪಡಿಯ ಮೇಲೆ ಅಂಗೈ ಊರಿ, ಕುಂಡೆ ಎಳೆದುಕೊಂಡು ಮೇಲೇರುತ್ತಾನೆ. ಕಟ್ಟೆ ಇದ್ದರೆ ಅವನು ಬೆಸ್ತ. ಇಲ್ಲದಿದ್ದರೆ ಬರಿಯ ಕುಂಟು ಮುದುಕ. ಇದನ್ನು ಅವನೇ ಒಮ್ಮೆ ನಗುತ್ತಾ ಹೇಳಿದ್ದ.

ಕೆರೆಯನ್ನು ಅಭಿವೃದ್ಧಿ ಮಾಡುತ್ತೇವೆ ಎಂದು ಹೋದ ವರ್ಷ ಕೆಲಸ ಶುರುವಾಯಿತು. ತಂತಿ ಬೇಲಿ, ವಾಕಿಂಗ್ ಟ್ರ್ಯಾಕು, ಸಿಮೆಂಟು ಬೆಂಚುಗಳು ಬಂದವು. ಒಂದು ಬೆಳಿಗ್ಗೆ ಕೆರೆ ವಿಭಾಗದ ಇಂಜಿನಿಯರ್ ಚನ್ನಕೇಶವ ಟೇಪು ಹಿಡಿದ ಇಬ್ಬರನ್ನು ಕರೆದುಕೊಂಡು ಕಟ್ಟೆಯ ಹತ್ತಿರ ನಿಂತ. ಮುನಿತಾಯಮ್ಮ ಮೀನು ಉಜ್ಜುತ್ತಿದ್ದಳು. ಉಗ್ರಪ್ಪ ಇನ್ನೂ ತೆಪ್ಪದಲ್ಲೇ ಕೂತು ಬಲೆಯ ಗಂಟು ಬಿಡಿಸುತ್ತಿದ್ದ.

"ಇದು ಯಾರ್ದಮ್ಮ?"

"ನಮ್ದೇ ಸಾರ್."

"ನಿಮ್ದು ಅಂದ್ರೆ? ಪೇಪರ್ ಇದ್ಯಾ?"

ಅವಳು ಕೈ ತೊಳೆದುಕೊಂಡು, ಚೀಲದೊಳಗಿದ್ದ ಗುತ್ತಿಗೆ ಪತ್ರವನ್ನು ತೆಗೆದು ಕೊಟ್ಟಳು. ಚನ್ನಕೇಶವ ನಿಧಾನವಾಗಿ ಓದಿ, ಹಾಗೆಯೇ ಮಡಚಿ ವಾಪಸು ಕೊಟ್ಟ.

"ಇದು ಮೀನಿಗೆ ಕೊಟ್ಟಿರೋದು. ಕಲ್ಲಿಗಲ್ಲ."

"ಮೀನು ಹಿಡಿದ್ಮೇಲೆ ಎಲ್ಲಾದ್ರೂ ಇಳಿಸ್ಬೇಕಲ್ಲ ಸಾರ್."

"ಸರಿನೇ. ಆದ್ರೆ ಮೀನು ಮೀನುಗಾರಿಕೆ ಇಲಾಖೆದು. ನೀರು, ದಡ, ಅದರ ಮೇಲೆ ಕಟ್ಟಿರೋದೆಲ್ಲ ನಮ್ದು. ದಡದಲ್ಲಿ ಯಾರೇ ಏನೇ ಕಟ್ಟಿದ್ರೂ ನಮ್ಮ ಪರ್ಮಿಷನ್ ಬೇಕು."

ತೆಪ್ಪದೊಳಗಿಂದ ಉಗ್ರಪ್ಪ ತಲೆ ಎತ್ತಿದ. "ಹಂಗಾದ್ರೆ ನಾನೀಗ ಯಾರ್ದ್ರಲ್ಲಿ ಕೂತಿದೀನಿ ಸಾರ್?"

ಟೇಪು ಹಿಡಿದವರು ಕಿಸಕ್ಕನೆ ನಕ್ಕರು. ಚನ್ನಕೇಶವನಿಗೂ ನಗು ಬಂತು. "ಸದ್ಯಕ್ಕೆ ನಮ್ದ್ರಲ್ಲಿ ಯಜಮಾನ್ರೇ. ಮೀನು ಕೈಗೆ ಸಿಕ್ಕಿದ ತಕ್ಷಣ ಅವರದ್ರಲ್ಲಿ."

ಅವನು ಕೆಟ್ಟವನಲ್ಲ. ಅರ್ಜಿ ಹಾಕಿ, ಹಾಕದಿದ್ದರೆ ಪಟ್ಟಿಯಲ್ಲಿ ಒತ್ತುವರಿ ಎಂದು ಬರುತ್ತದೆ, ಬಂದರೆ ಕಾಮಗಾರಿ ಗುತ್ತಿಗೆದಾರನ ಜೆಸಿಬಿ ನನ್ನನ್ನೂ ಕೇಳುವುದಿಲ್ಲ ಎಂದು ಬಿಡಿಸಿ ಹೇಳಿದ. ಹೊರಡುವ ಮುಂಚೆ ಫೋನು ತೆಗೆದು, ಬರೆದುಕೊಳ್ಳಲು ಕೇಳಿದ.

"ಇದಕ್ಕೆ ಏನಂತೀರಿ ನೀವು?"

"ಕಟ್ಟೆ ಅಂತೀವಿ ಸಾರ್."

"ಬರೀ ಕಟ್ಟೆನಾ?"

"ಕಟ್ಟೆನೇ."

ಅವನು ಹಾಗೆಯೇ ಬರೆದುಕೊಂಡ.

ನಾಗರಬಾವಿ ಸರ್ಕಲ್ಲಿನ ಹತ್ತಿರ ಮಹದೇವ್ ಎಂಬವನ ಜೆರಾಕ್ಸ್ ಅಂಗಡಿ ಇದೆ. ಅದು ಹೆಸರಿಗೆ ಜೆರಾಕ್ಸು. ರೇಷನ್ ಕಾರ್ಡಿನಿಂದ ಹಿಡಿದು ಖಾತೆಯವರೆಗೆ ಅಲ್ಲಿ ಆಗದ ಅರ್ಜಿಯಿಲ್ಲ. ಲಾ ಕಾಲೇಜಿನ ಹುಡುಗರು ನೋಟ್ಸಿಗೆ ನಿಂತಿದ್ದರೂ ಅವನು ಮುನಿತಾಯಮ್ಮನನ್ನು ಒಳಗೆ ಕರೆದು ಸ್ಟೂಲು ಕೊಟ್ಟ. ಅವಳ ಮೀನು ತಿಂದು ಬೆಳೆದವನು ಅವನು.

"ದೋಣಿ ನಿಲ್ಲೋ ಜಾಗ ಅಂತ ಹಾಕಿದ್ರೆ ಮುಗೀತು ಅಮ್ಮ" ಎಂದ, ಕಂಪ್ಯೂಟರಿನಲ್ಲಿ ಅರ್ಜಿ ನಮೂನೆ ತೆಗೆದು ನೋಡುತ್ತಾ. "ಇಂಜಿನಿಯರ್ ಡ್ರಾಯಿಂಗ್ ಅಂತಾರೆ, ಕಂಬದ ಸ್ಟ್ರೆಂತ್ ಅಂತಾರೆ, ಮೀನಿನ ಇಲಾಖೆಯಿಂದ ಎನ್‌ಒಸಿ ತಗೊಂಬಾ ಅಂತಾರೆ, ಅವರು ಮೊದ್ಲು ಇವರ್ದು ತಗೊಂಬಾ ಅಂತಾರೆ. ನೀವು ಅಲ್ಲಿಂದಿಲ್ಲಿಗೆ ಓಡಾಡೋದ್ರೊಳಗೆ ಜೆಸಿಬಿ ಬಂದು ಊಟ ಮಾಡ್ಕೊಂಡು ಹೋಗಿರುತ್ತೆ."

"ಮತ್ತೇನು ಮಾಡೋದು ಮಾದೇವಪ್ಪ?"

ಅವನು ಕುರ್ಚಿಯನ್ನು ಅವಳ ಕಡೆ ತಿರುಗಿಸಿದ. "ಒಂದು ಕೇಳ್ತೀನಿ. ಅಲ್ಲಿ ಪೂಜೆ-ಗೀಜೆ ಏನಾದ್ರೂ ಮಾಡ್ತೀರಾ?"

"ಮೀನುಮರಿ ಬಿಡೋ ದಿವ್ಸ ಗಂಗಮ್ಮಂಗೆ ಮಾಡ್ತೀವಿ. ಅರಿಶಿನ ಕುಂಕುಮ ಇಟ್ಟು ಕಾಯಿ ಒಡೀತೀವಿ."

"ಅಯ್ಯೋ ನಿಮ್ಮ! ಇಂಥಾ ಮಾತನ್ನ ಬಾಯಲ್ಲಿಟ್ಕೊಂಡು ಸುಮ್ನೆ ಕೂತಿದೀರಲ್ಲ. ಪೂಜಾ ಸ್ಥಳ ಅಂತ ಕಾಲಂ ಇದೆ ನೋಡಿ ಇಲ್ಲೇ. ಇರೋದನ್ನ ಇದ್ದಂಗೇ ಬಿಡ್ತಾರೆ, ಡ್ರಾಯಿಂಗೂ ಬೇಡ, ಗೀಯಿಂಗೂ ಬೇಡ. ನಡುರಸ್ತೆಲಿ ಗುಡಿ ಇದ್ರೆ ಗುಡಿ ಬಗ್ಗಲ್ಲ ಅಮ್ಮ, ರಸ್ತೆನೇ ಬಗ್ಗಿ ಹೋಗೋದು."

"ಸುಳ್ಳಾಗಲ್ವಾ?"

"ಏನ್ ಸುಳ್ಳು? ಪೂಜೆ ಮಾಡ್ತೀರೋ ಇಲ್ವೋ? ಕಟ್ಟೆ ಅಂತೀರೋ ಇಲ್ವೋ? ಅರಳೀಕಟ್ಟೆ ಕಟ್ಟೆ ಅಲ್ವಾ? ನಾಗರಕಟ್ಟೆ ಕಟ್ಟೆ ಅಲ್ವಾ? ಇದೂ ಕಟ್ಟೆನೇ. ನಾವು ಒಂದಕ್ಷರ ಸುಳ್ಳು ಬರೀತಿಲ್ಲ."

ಬಾಗಿಲಲ್ಲಿ ನಿಂತಿದ್ದ ಹುಡುಗನೊಬ್ಬ, "ಅಣ್ಣ, ನಿಮಗೆ ಲಾ ಡಿಗ್ರಿ ಯಾಕ್ ಕೊಡಲ್ಲ ಅಂತ ಗೊತ್ತಾಗ್ತಿಲ್ಲ" ಎಂದ. ಮಹದೇವ್ ಅವನಿಗೆ, "ನಿಂಗೂ ಕೊಡಲ್ಲ ಮಗಾ, ಅಟೆಂಡೆನ್ಸ್ ನೋಡ್ಕೋ" ಎಂದ.

ಮುನಿತಾಯಮ್ಮ ಸ್ಟೂಲಿನ ಮೇಲೆ ಕೂತು ಯೋಚಿಸಿದಳು. ಬೇಡ ಎನ್ನಲು ಅವಳಿಗೆ ಏನೂ ಸಿಗಲಿಲ್ಲ. ಹೂಂ ಎಂದಳು.

ಫೋಟೋ ಬೇಕಿತ್ತು. ಮಾರನೆಯ ದಿನ ಅವಳು ಕಟ್ಟೆಯ ಮೊದಲ ಚಪ್ಪಡಿಯನ್ನು ಚೆನ್ನಾಗಿ ತಿಕ್ಕಿ ತೊಳೆದು, ಅರಿಶಿನ ಬಳಿದು, ನಡುವೆ ಕುಂಕುಮದ ಬೊಟ್ಟುಗಳನ್ನಿಟ್ಟು, ಚೆಂಡು ಹೂವಿನ ಹಾರ ಹಾಕಿದಳು. ಅವರಲ್ಲಿ ಒಂದು ಪದ್ಧತಿ ಇದೆ. ಪೂಜೆಯಾದ ಕೂಡಲೇ ಒಂದು ಬಿಂದಿಗೆ ಕೆರೆಯ ನೀರನ್ನು ಕಲ್ಲಿನ ಮೇಲೆ ಸುರಿದು ಅರಿಶಿನವೆಲ್ಲ ಕೆರೆಗೆ ಹರಿದುಹೋಗುವಂತೆ ಮಾಡುತ್ತಾರೆ. ಗಂಗಮ್ಮ ಬಂದ ದಾರಿಯಲ್ಲೇ ಹೋದಳು ಎಂದು ಲೆಕ್ಕ. ಈ ಸಲ ಬಿಂದಿಗೆ ತರುವುದು ಬೇಡ ಎಂದು ಮಹದೇವ್ ಹೇಳಿದ್ದ. ಇನ್‌ಸ್ಪೆಕ್ಷನ್ ಆಗುವವರೆಗೂ ಬಣ್ಣ ಹೋಗಬಾರದು.

ಉಗ್ರಪ್ಪ ಸ್ವಲ್ಪ ದೂರದಲ್ಲಿ ಬೇಲಿಗೆ ಒರಗಿ ನೋಡುತ್ತಿದ್ದ.

"ಲೇ ಮುನ್ತಾಯಿ, ಅವಳು ನೀರಲ್ಲಿರೋಳು ಕಣೇ. ದಡಕ್ಕೆ ಎತ್ತಿ ಕೂರಿಸಬಾರದು."

"ನಾಲ್ಕು ದಿನ."

"ನಾಲ್ಕು ದಿನ ಕೂತೋರು ಎದ್ದೋಗ್ತಾರಾ?"

"ನಿಮ್ಮ ಮಂಡಿಗೆ ಅಂತ ಮಾಡ್ತಿರೋದು" ಎಂದಳು ಅವಳು, ತಿರುಗಿ ನೋಡದೆ. ಮಹದೇವ್ ಬೈಕಿನಲ್ಲಿ ಬಂದು, ಬಗ್ಗಿ, ಎದ್ದು, ಮೂರು ಕಡೆಯಿಂದ ಫೋಟೋ ತೆಗೆದುಕೊಂಡು ಹೋದ.

ಇನ್‌ಸ್ಪೆಕ್ಷನ್ನಿಗೆ ದೊಡ್ಡ ಅಧಿಕಾರಿಯೇ ಬಂದ. ಜೊತೆಗೆ ಚನ್ನಕೇಶವ, ಗುತ್ತಿಗೆದಾರ, ಇನ್ನೂ ಕೆಲವರು. ಆಚೆ ದಡದಲ್ಲಿ ದನ ತೊಳೆಯಲು ಯಾರೋ ಹಾಕಿಸಿದ್ದ ಮೆಟ್ಟಿಲುಗಳನ್ನೂ, ಬಟ್ಟೆ ಒಗೆಯುವ ಕಲ್ಲುಗಳನ್ನೂ ಆಗಲೇ ಕಿತ್ತು ಗುಡ್ಡೆ ಹಾಕಿದ್ದರು. ಕಟ್ಟೆಯ ಹತ್ತಿರ ಬಂದಾಗ ದೊಡ್ಡ ಅಧಿಕಾರಿ ಅರಿಶಿನವನ್ನು ನೋಡಿ ನಿಂತ. ಒಂದು ಗಳಿಗೆ ಏನೋ ಯೋಚಿಸಿ, ಬಗ್ಗಿ, ಬೂಟಿನ ದಾರ ಬಿಚ್ಚತೊಡಗಿದ. ಅವನು ಬಿಚ್ಚಿದ್ದನ್ನು ಕಂಡು ಉಳಿದವರೂ ಬಿಚ್ಚಿದರು. ಗುತ್ತಿಗೆದಾರ ಕೈ ಮುಗಿದ. ಬೇಲಿಯ ಆಚೆ ನಿಂತಿದ್ದ ಮುನಿತಾಯಮ್ಮ ಆ ಬೂಟುಗಳ ಸಾಲನ್ನೇ ನೋಡಿದಳು. ಅವಳು ಇಷ್ಟು ವರ್ಷ ಮೀನಿನ ಹೊಟ್ಟೆ ಬಗೆದು ಕರುಳು ಎಸೆದ ಜಾಗ ಅದು.

ವಾರದೊಳಗೆ ಆದೇಶ ಬಂತು. ಮಹದೇವ್ ಓದಿ ಹೇಳಿದ: ಗಂಗಮ್ಮ ದೇವಿಯ ಕಟ್ಟೆ, ಪೂಜಾ ಸ್ಥಳ, ಯಥಾಸ್ಥಿತಿ ಕಾಪಾಡತಕ್ಕದ್ದು.

"ಅಂದ್ರೆ?"

"ಅಂದ್ರೆ ಯಾರೂ ಮುಟ್ಟಂಗಿಲ್ಲ. ಗೆದ್ರಿ ಅಮ್ಮ. ಒಂದ್ ಕೆಜಿ ರೋಹು ಕೊಡ್ಬೇಕು ನಂಗೆ, ಹೇಳ್ಬಿಟ್ಟಿದೀನಿ."

ಅವಳು ಎರಡು ಕೆಜಿ ಕೊಟ್ಟಳು. ಜೆಸಿಬಿ ಕಟ್ಟೆಯನ್ನು ಸುತ್ತಿಕೊಂಡು ಹೋಗಿ ಮುಂದಿನ ದಡವನ್ನು ಕೆತ್ತಿತು. ಉಗ್ರಪ್ಪ ಎಂದಿನಂತೆ ತೆಪ್ಪ ತಂದು ಒತ್ತಿದ, ಅಂಗೈ ಊರಿ ಮೇಲೇರಿದ. ಅವಳು ಬುಟ್ಟಿ ಎಳೆದುಕೊಂಡಳು. ಅವತ್ತು ಅವಳಿಗೆ ಸಂತೋಷವಾಯಿತೇ ಎಂದು ಮಗಳು ಫೋನಿನಲ್ಲಿ ಕೇಳಿದಳು. "ಆಯ್ತು" ಎಂದಳು. ಆಗಿರಬೇಕು ಎಂದುಕೊಂಡಳು.

ಟ್ರ್ಯಾಕು ಮುಗಿದ ಮೇಲೆ ಬೆಳಿಗ್ಗೆ ಬೆಳಿಗ್ಗೆ ವಾಕಿಂಗಿನವರು ಬರತೊಡಗಿದರು. ಮೊದಲು ಯಾರೋ ಕಟ್ಟೆಯ ಮೇಲೆ ಒಂದು ದೀಪ ಇಟ್ಟು ಹೋದರು. ಆಮೇಲೆ ಹಸಿರು ಬಳೆ, ರವಿಕೆ ಕಣ, ನಿಂಬೆಹಣ್ಣು. ಅರಿಶಿನ ಮಾಸಿದ ಕಡೆ ಯಾರೋ ಹೊಸದಾಗಿ ಬಳಿದರು. ಶುಕ್ರವಾರ ಬಂತೆಂದರೆ ಚಪ್ಪಲಿಗಳು ಬೇಲಿಯುದ್ದಕ್ಕೂ ಸಾಲಾಗಿ ನಿಲ್ಲುತ್ತಿದ್ದವು. ಮುನಿತಾಯಮ್ಮ ಅವುಗಳನ್ನೆಲ್ಲ ಒಂದು ಪಕ್ಕಕ್ಕೆ ಜೋಡಿಸಿಟ್ಟು ತನ್ನ ಈಳಿಗೆಮಣೆಯನ್ನು ತುದಿಗೆ ಒಯ್ದಳು. ಇನ್ನೂ ತುದಿಗೆ ಹೋಗಲು ಜಾಗವಿರಲಿಲ್ಲ. ಮುಂದೆ ನೀರು.

ಒಂದು ಭಾನುವಾರ ಶೋಭಾರಾಣಿ ಬಂದಳು. ಅವಳು ಎದುರು ಲೇಔಟಿನವಳು, ಬ್ಯಾಂಕಿನಲ್ಲಿ ಕೆಲಸ, ವಾಕಿಂಗಿನವರ ಸಂಘಕ್ಕೆ ಕಾರ್ಯದರ್ಶಿ. ವರ್ಷಗಳಿಂದ ಮುನಿತಾಯಮ್ಮನ ಹತ್ತಿರವೇ ಮೀನು ಕೊಳ್ಳುವವಳು. ಚಪ್ಪಲಿ ಬಿಟ್ಟು ಹತ್ತಿರ ಬಂದು, ಸೆರಗನ್ನು ಮಡಿಲಿಗೆ ಎಳೆದುಕೊಂಡು, ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಳು.

"ಮುನಿತಾಯಮ್ಮ, ತಪ್ಪು ತಿಳ್ಕೋಬೇಡಿ. ಒಂದು ಮಾತು."

"ಹೇಳಿ ಮೇಡಂ."

"ಇಲ್ಲಿ ಮೀನು ಕುಯ್ಯೋದು... ನೋಡಿ, ನಾವೂ ತಿನ್ನೋರೇ. ನಿಮಗೇ ಗೊತ್ತು, ಭಾನುವಾರ ಮೀನಿಲ್ದೆ ನಮ್ಮನೇಲಿ ಯಾರೂ ತಟ್ಟೆ ಮುಟ್ಟಲ್ಲ. ಆದ್ರೆ ದೇವರ ಮುಂದೆ ರಕ್ತ ಹರೀತಾ ಇದ್ರೆ ಮನಸ್ಸಿಗೆ ಒಂಥರಾ ಆಗುತ್ತೆ."

ಮುನಿತಾಯಮ್ಮ ಕೈಯಲ್ಲಿದ್ದ ಮೀನನ್ನು ಬುಟ್ಟಿಗೆ ಹಾಕಿದಳು. "ನಮ್ಮ ಗಂಗಮ್ಮ ಹಂಗೆಲ್ಲ ಅನ್ನೋಳಲ್ಲ ಮೇಡಂ."

"ನಿಮ್ಮ ಗಂಗಮ್ಮನೇ ಸರಿ. ನಮ್ಮನೆ ಪಕ್ಕದ ಆಂಟಿಗೆ ಮೂರು ವರ್ಷದಿಂದ ಇದ್ದ ಮೈ ಕಡಿತ ಇಲ್ಲಿ ಅರಿಶಿನ ಹಚ್ಕೊಂಡ್ಮೇಲೆ ಹೋಯ್ತಂತೆ ಗೊತ್ತಾ?" ಶೋಭಾರಾಣಿಯ ಕಣ್ಣು ತುಂಬಿ ಬಂದಿತ್ತು. "ಎಂಥಾ ಜಾಗ ಉಳಿಸ್ಕೊಟ್ರಿ ನೀವು. ಫೋಟೋ ಹಾಕಿ, ಅರ್ಜಿ ಹಾಕಿ, ಓಡಾಡಿ. ನಾವೆಲ್ಲ ಎಷ್ಟು ಹೇಳ್ಕೋತೀವಿ ಗೊತ್ತಾ ನಿಮ್ಮ ಬಗ್ಗೆ?"

ಇವಳು ನಾಟಕ ಮಾಡುತ್ತಿಲ್ಲ ಎಂಬುದು ಮುನಿತಾಯಮ್ಮನಿಗೆ ತಿಳಿಯಿತು.

ಅಂದಿನಿಂದ ಮೀನು ಕುಯ್ಯುವುದನ್ನು ಬೇಲಿಯ ಹೊರಗೆ, ಮೋರಿಯ ಪಕ್ಕ ಇಟ್ಟುಕೊಂಡಳು. ತೆಪ್ಪ ಮಾತ್ರ ಕಟ್ಟೆಗೇ ಬರುತ್ತಿತ್ತು. ಆದರೆ ಉಗ್ರಪ್ಪ ಒದ್ದೆ ಬಲೆಯೊಂದಿಗೆ ಅರಿಶಿನದ ಮೇಲೆ ಕುಂಡೆ ಎಳೆದುಕೊಂಡು ಮೇಲೇರುವುದನ್ನು ನೋಡಿದ ಒಬ್ಬರು ಅದನ್ನು ಸಂಘದ ವಾಟ್ಸಾಪಿಗೆ ಹಾಕಿದರು. ಆಮೇಲೆ ಸಂಘದವರು ಕಟ್ಟೆಯ ಸುತ್ತ ಗ್ರಿಲ್ ಹಾಕಿಸಲು ಕೆರೆ ವಿಭಾಗಕ್ಕೆ ಅರ್ಜಿ ಕೊಟ್ಟರು. ಪೂಜಾ ಸ್ಥಳಕ್ಕೆ ರಕ್ಷಣೆ ಎಂದು ಆ ಅರ್ಜಿ ಬೇಗ ಪಾಸಾಯಿತು. ವೆಲ್ಡಿಂಗಿನವರು ಬಂದು, ನೀರಿನ ಕಡೆಗೂ ಬಿಡದಂತೆ, ಸೊಂಟದೆತ್ತರಕ್ಕೆ ಹಸಿರು ಗ್ರಿಲ್ ನಿಲ್ಲಿಸಿ ಹೋದರು. ದಡದ ಕಡೆಯ ಬಾಗಿಲಿನ ಬೀಗದ ಒಂದು ಕೀಯನ್ನು ಶೋಭಾರಾಣಿ ತಾನೇ ತಂದು ಮುನಿತಾಯಮ್ಮನ ಕೈಗಿತ್ತಳು.

"ಇದು ನಿಮ್ಮತ್ರಾನೇ ಇರ್ಬೇಕು. ಯಾವಾಗ ಬೇಕಾದ್ರೂ ಬಂದು ಪೂಜೆ ಮಾಡಿ. ನಿಮ್ಮನ್ನ ತಡೆಯೋರು ಯಾರೂ ಇಲ್ಲ."

ಉಗ್ರಪ್ಪ ಒಂದು ದಿನ ಕಟ್ಟೆಯ ಪಕ್ಕದ ಇಳಿಜಾರಿನಲ್ಲಿ ತೆಪ್ಪ ತರಲು ನೋಡಿದ. ಅಲ್ಲಿ ಹೊಸದಾಗಿ ಕಲ್ಲು ಹಾಸಿ ಪಿಚಿಂಗ್ ಮಾಡಿದ್ದರು, ಪಾಚಿ ಕಟ್ಟಿತ್ತು. ಎರಡು ಹೆಜ್ಜೆ ಏರಿದವನು ಹಿಂದಕ್ಕೆ ಜಾರಿ, ಬಲೆ ಸಮೇತ ಕೆಸರಿಗೆ ಬಿದ್ದ. ಮುನಿತಾಯಮ್ಮನೂ ಇಬ್ಬರು ವಾಕಿಂಗಿನವರೂ ಸೇರಿ ಎಳೆದು ಮೇಲೆ ತಂದರು. ಮೈ ತುಂಬ ಕರಿ ಕೆಸರು ಮೆತ್ತಿಕೊಂಡು ಅವನು ಸಿಮೆಂಟು ಬೆಂಚಿನ ಮೇಲೆ ಕೂತ. ಎಳೆದವರಲ್ಲಿ ಒಬ್ಬ, "ಅಂಕಲ್, ಈ ವಯಸ್ಸಲ್ಲಿ ಯಾಕೆ ರಿಸ್ಕು?" ಎಂದ. ಉಗ್ರಪ್ಪ ಹೆಂಡತಿಯ ಕಡೆ ತಿರುಗಿ, "ನಾಲ್ಕು ದಿನ ಆಯ್ತಾ?" ಎಂದು ಕೇಳಿದ. ಬಯ್ಯುವ ದನಿಯಲ್ಲ. ಲೆಕ್ಕ ಕೇಳುವ ಹಾಗೆ.

ಅವಳು ಅವನ ಕಾಲು ತೊಳೆದಳು. ಮನೆಗೆ ಕರೆದುಕೊಂಡು ಹೋಗಿ, ಬಿಸಿನೀರು ಕಾಯಿಸಿ, ಅನ್ನ ಮಾಡಿಟ್ಟಳು. ಬೇರೆ ಸೀರೆ ಉಟ್ಟು ಕೆರೆ ವಿಭಾಗದ ಕಚೇರಿಗೆ ಹೊರಟಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಜ್ಞಾನಭಾರತಿಯ ಮರಗಳು ಹಿಂದಕ್ಕೆ ಹೋದವು. ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳಲು ನೋಡಿದಳು, ಆಗಲಿಲ್ಲ.

ಚನ್ನಕೇಶವ ಟೇಬಲ್ಲಿನಲ್ಲಿದ್ದ. ಅವಳ ಗುರುತು ಹಿಡಿದು ಕುರ್ಚಿ ತೋರಿಸಿದ. ಅವಳು ನಿಂತೇ ಹೇಳಿದಳು.

"ಸಾರ್, ಅದು ಪೂಜೆ ಜಾಗ ಅಲ್ಲ. ಮೀನು ಇಳಿಸೋ ಜಾಗ. ನೀವೇ ನೋಡಿದೀರಿ. ಹಂಗೇ ಬದಲಾಯಿಸ್ಕೊಡಿ."

"ನೋಡಿದೀನಿ ಅಮ್ಮ. ಆದ್ರೆ ಅರ್ಜಿ ಕೊಟ್ಟೋರು ನೀವೇ. ಫೋಟೋನೂ ನಿಮ್ದೇ."

"ಮಾದೇವಪ್ಪ ಹೇಳ್ದ ಅಂತ ಹಾಕ್ದೆ ಸಾರ್. ಕಟ್ಟೆ ಉಳೀಲಿ ಅಂತ."

"ಉಳೀತಲ್ಲ."

ಅವನು ವ್ಯಂಗ್ಯಕ್ಕೆ ಹೇಳಿದ್ದಲ್ಲ. ಹೇಳಿದ ಮೇಲೆ ಅವನಿಗೇ ಹೇಗೋ ಆಗಿ, ಕುರ್ಚಿಯಲ್ಲಿ ಮುಂದಕ್ಕೆ ಸರಿದ. ಡ್ರಾಯರಿನಿಂದ ಒಂದು ಬಿಳಿ ಹಾಳೆ ತೆಗೆದು ಅವಳ ಮುಂದಿಟ್ಟು, ಮೇಲೆ ತನ್ನ ಪೆನ್ನನ್ನಿಟ್ಟ.

"ಬರೆಯೋಕೆ ಬರುತ್ತಾ?"

"ನಾಲ್ಕನೇ ಕ್ಲಾಸು ಸಾರ್."

"ಸಾಕು. ಈ ಜಾಗದಲ್ಲಿ ದೇವರು ಇಲ್ಲ, ಹಿಂದೆಯೂ ಇರಲಿಲ್ಲ ಅಂತ ಬರೀರಿ. ಕೆಳಗೆ ರುಜು ಹಾಕಿ. ನಾನು ಮೇಲಕ್ಕೆ ಕಳಿಸ್ತೀನಿ."

"ಬರೆದ್ರೆ ಕಟ್ಟೆ ನಮಗೆ ಸಿಗುತ್ತಾ?"

"ಮೋಸ ಮಾಡಲ್ಲ ನಿಮಗೆ. ಬರೆದ್ರೆ ಅದು ಪರ್ಮಿಷನ್ ಇಲ್ಲದ ಕಲ್ಲು. ನೀವು ದೋಣಿ ಜಾಗ ಅಂತ ಹೊಸ ಅರ್ಜಿ ಹಾಕ್ಬೇಕು. ಅದು ಓಡಾಡ್ಕೊಂಡು ಬರೋವರೆಗೂ ಕಲ್ಲು ನಿಲ್ಲಿಸ್ಕೊಳ್ಳೋದು ನನ್ನ ಕೈಲಿಲ್ಲ. ಗ್ರಿಲ್ ಹಾಕಿಸಿದೋರು ಬಂದು ಗಲಾಟೆ ಮಾಡಿದ್ರೆ ಅದೂ ನನ್ನ ಕೈಲಿಲ್ಲ. ಆದ್ರೆ ಬೇರೆ ದಾರಿ ಇಲ್ಲ."

"ಅರ್ಜಿ ಪಾಸಾಗುತ್ತಾ?"

ಅವನು ತಿರುಗುತ್ತಿದ್ದ ಫ್ಯಾನಿನ ಕಡೆ ನೋಡಿದ. "ಆಗಬಹುದು" ಎಂದ.

ಅವಳು ಕುರ್ಚಿಯಲ್ಲಿ ಕೂತಳು. ಪೆನ್ನು ಹಿಡಿದಳು. ಮೀನಿನ ಮುಳ್ಳು ಚುಚ್ಚಿ ಚುಚ್ಚಿ ಬೆರಳ ತುದಿಗಳು ದಪ್ಪಗಾಗಿದ್ದವು, ಪೆನ್ನು ನಿಲ್ಲಲು ಹೊತ್ತು ಹಿಡಿಯಿತು. ದೊಡ್ಡ ದೊಡ್ಡ ಅಕ್ಷರಗಳಲ್ಲಿ "ಈ ಜಾಗದಲ್ಲಿ" ಎಂದು ಬರೆದಳು. ಮುಂದಿನ ಪದಕ್ಕೆ ಕೈ ಹೋಗಲಿಲ್ಲ.

ಅವಳು ಭಕ್ತೆಯೇನೂ ಅಲ್ಲ. ವರ್ಷಕ್ಕೊಂದು ಸಲ ಕಾಯಿ ಒಡೆಯುವುದು ಬಿಟ್ಟರೆ ಗಂಗಮ್ಮನನ್ನು ನೆನೆಯುತ್ತಿದ್ದುದೂ ಕಡಿಮೆ. ಆದರೆ ಒಂದು ವರ್ಷ ಮೋರಿ ನೀರು ನುಗ್ಗಿ, ಕೆರೆಯ ಮೀನೆಲ್ಲ ಬೆಳ್ಳಗೆ ಹೊಟ್ಟೆ ಮೇಲಾಗಿ ತೇಲಿದ್ದವು. ಇನ್ನು ಈ ಕೆರೆ ಮುಗಿಯಿತು ಎಂದು ಎಲ್ಲರೂ ಹೇಳಿದರು. ಮಳೆ ಬಂದ ಮೇಲೆ ಉಗ್ರಪ್ಪ ಸುಮ್ಮನೆ ಒಂದು ಬಲೆ ಬೀಸಿದ. ಯಾರೂ ಬಿಡದ, ಯಾರೂ ಸಾಕದ ಜಿಲೇಬಿ ಮೀನು ಬಲೆ ತುಂಬ ಬಂತು. ಆ ವರ್ಷ ಮನೆ ನಡೆದದ್ದು ಅದರಲ್ಲೇ. ಅದನ್ನು ಯಾರು ಕೊಟ್ಟರು ಎಂದು ಅವಳು ಯಾವತ್ತೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಬೇಕಾದ ಪ್ರಸಂಗವೂ ಬಂದಿರಲಿಲ್ಲ. ಈಗ ಇಲ್ಲ ಎಂದು ಬರೆದುಕೊಡಬೇಕಾಗಿತ್ತು.

"ಇಲ್ಲ ಅಂತ ಬರೆಯೋಕಾಗಲ್ಲ ಸಾರ್."

"ಯಾಕಮ್ಮ?"

"ಇದ್ದಾಳೆ."

"ಇದ್ದಾಳೆ ಅಂತಲೇ ತಾನೆ ನಮ್ಮ ಆರ್ಡರಲ್ಲಿ ಇರೋದು?"

"ಹೌದು ಸಾರ್. ಆದ್ರೆ ಮೀನು ಬೇಡ ಅಂದೋಳಲ್ಲ ಅವಳು. ಮೀನು ಕೊಡೋಳು. ಹಂಗೆ ಬರ್ಕೊಡಿ. ದೇವರೂ ಇದೆ, ಮೀನೂ ಇಳೀಬೋದು ಅಂತ."

ಚನ್ನಕೇಶವ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡ. "ಅದಕ್ಕೆ ಕಾಲಂ ಇಲ್ಲಮ್ಮ" ಎಂದ. ಅವಳಿಗೆ ಅದು ಅರ್ಥವಾಯಿತು. ಹಾಳೆಯನ್ನು ಅವನ ಕಡೆ ಸರಿಸಿ, ಪೆನ್ನಿನ ಕ್ಯಾಪು ಹಾಕಿ ಪಕ್ಕದಲ್ಲಿಟ್ಟು, ಎದ್ದಳು. "ಕೂತ್ಕೊಳಿ, ಕಾಫಿ ತರಿಸ್ತೀನಿ" ಎಂದ ಅವನು. "ಬೇಡ ಸಾರ್, ಅವ್ರಿಗೆ ಅನ್ನ ಇಕ್ಕಬೇಕು" ಎಂದಳು.

ಮನೆಯಲ್ಲಿ ಉಗ್ರಪ್ಪ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದ. ಅವಳು ತಟ್ಟೆ ಇಟ್ಟು, ಸಾರು ಬಡಿಸಿ, ಎದುರಿಗೆ ಕೂತು ಹೇಳಿದಳು, ಒಂದೊಂದೇ ಮಾತು, ಕಚೇರಿಯಲ್ಲಿ ಹೇಗೆ ನಡೆಯಿತೋ ಹಾಗೆಯೇ. ಅವನು ಪೂರ್ತಿ ಕೇಳಿಸಿಕೊಂಡು ಅನ್ನ ಕಲಸಿದ.

"ಬರೀಲಿಲ್ವಾ?"

"ಇಲ್ಲ."

"ಸರಿ ಬಿಡು" ಎಂದ. ಒಂದು ತುತ್ತು ನುಂಗಿ, "ನಾನಾಗಿದ್ರೂ ಬರೀತಿರ್ಲಿಲ್ಲ" ಎಂದ. ಅವರ ಮಧ್ಯೆ ಆ ವಿಷಯ ಅಲ್ಲಿಗೆ ಮುಗಿಯಿತು.

ಉಗ್ರಪ್ಪ ಗುತ್ತಿಗೆಯನ್ನು ಆ ಸಲ ಮುಂದುವರಿಸಲಿಲ್ಲ. ತೆಪ್ಪವನ್ನು ಕೆಂಗೇರಿಯ ಆಚೆಯ ಒಬ್ಬ ಬೆಸ್ತರವನು ಟೆಂಪೋದಲ್ಲಿ ಹಾಕಿಕೊಂಡು ಹೋದ. ಅದು ಬೇಲಿಯ ಗೇಟಿನಲ್ಲಿ ಹಿಡಿಸದೆ, ಅಡ್ಡ ತಿರುಗಿಸಿ, ಎತ್ತಿ, ಹೊರಗೆ ತರುವಷ್ಟರಲ್ಲಿ ಎಲ್ಲರೂ ಬೆವೆತರು. ಉಗ್ರಪ್ಪ ಒಂದು ಕಡೆ ಹಿಡಿದಿದ್ದ. ಟೆಂಪೋ ಹೋದ ಮೇಲೆ ಕೈ ಕೊಡವಿಕೊಂಡು ಟೀ ಅಂಗಡಿಗೆ ಹೋದ. ಈಗ ಅವನು ಅಲ್ಲಿಯೇ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕೂರುತ್ತಾನೆ. ಬರುವ ಹೋಗುವ ಗಾಡಿಗಳಿಗೆ ಕೂತಲ್ಲಿಂದಲೇ ಕೈ ಎತ್ತುತ್ತಾನೆ.

ಮುನಿತಾಯಮ್ಮ ಮಾರುಕಟ್ಟೆಯಿಂದ ಐಸು ಹಾಕಿದ ಪೆಟ್ಟಿಗೆ ತರಿಸಿ, ಶ್ರೀಗಂಧದ ಕಾವಲಿನ ರಸ್ತೆಯಲ್ಲಿ ತಳ್ಳುಗಾಡಿಯ ಮೇಲೆ ಮೀನು ಮಾರುತ್ತಾಳೆ. ಐಸಿನಲ್ಲಿ ಕೈ ಇಟ್ಟು ಇಟ್ಟು ಬೆಳಗಿನ ಹೊತ್ತಿಗೆ ಬೆರಳುಗಳಿಗೆ ಏನು ಮುಟ್ಟಿದರೂ ಗೊತ್ತಾಗುವುದಿಲ್ಲ. ಕೆರೆಯಲ್ಲಿ ಈಗ ಯಾರೂ ಮೀನು ಹಿಡಿಯುವುದಿಲ್ಲ. ಹೊಸಬರೊಬ್ಬರು ಗುತ್ತಿಗೆ ಕೂಗಿದ್ದರಂತೆ. ಇಳಿಸಲು ಜಾಗವಿಲ್ಲವೆಂದು ಅವರೂ ಬಿಟ್ಟರಂತೆ. ಶುಕ್ರವಾರಗಳಲ್ಲಿ ಅವಳು ಕಟ್ಟೆಗೆ ಹೋಗುತ್ತಾಳೆ. ಹೋಗದಿದ್ದರೆ ಲೇಔಟಿನ ಹೆಂಗಸರು ಕರೆಯಲು ಮನೆಗೇ ಬರುತ್ತಾರೆ. ಮೊದಲ ಆರತಿ ಅವಳ ಕೈಯಿಂದಲೇ ಆಗಬೇಕು ಎಂದು ಅವರ ಹಟ.

ಮೊನ್ನೆ ಭಾನುವಾರ ಶೋಭಾರಾಣಿ ಗಾಡಿಯ ಹತ್ತಿರ ಸ್ಕೂಟರ್ ನಿಲ್ಲಿಸಿದಳು. ಐಸಿನ ಮೇಲೆ ಮಲಗಿದ್ದ ರೋಹುವಿನ ಕಿವಿರನ್ನು ಬೆರಳಿನಿಂದ ಎತ್ತಿ ನೋಡಿದಳು.

"ಇದು ನಮ್ಮ ಕೆರೇದಲ್ಲ ಅಲ್ವಾ?"

"ಅಲ್ಲ ಮೇಡಂ. ಆಂಧ್ರದ್ದು."

"ಏನೇ ಹೇಳಿ, ಆ ರುಚಿ ಬರಲ್ಲ. ಅಲ್ಲಿಂದ ತಂದಿದ್ದು ಎಷ್ಟು ಫ್ರೆಶ್ ಇರ್ತಿತ್ತು. ಯಾಕ್ ನಿಲ್ಲಿಸ್ಬಿಟ್ರಿ ನೀವು?"

ಮುನಿತಾಯಮ್ಮ ಅವಳ ಮುಖ ನೋಡಿದಳು. ಶೋಭಾರಾಣಿ ನಿಜವಾಗಿಯೂ ಕೇಳುತ್ತಿದ್ದಳು.

"ಯಜಮಾನ್ರಿಗೆ ಮಂಡಿ ನೋವು ಮೇಡಂ" ಎಂದಳು. ಮೀನನ್ನು ತಕ್ಕಡಿಗೆ ಹಾಕಿ, ಮುಳ್ಳು ನಿಂತ ಮೇಲೆ ತೆಗೆದು, ಹಲಗೆಯ ಮೇಲೆ ಮಲಗಿಸಿದಳು. "ತಲೆ ಹಾಕ್ಲಾ, ಬೇಡ್ವಾ?"